ಗೋಲಿನ ಹಿಂದೆ ನಿಲ್ಲುವ ಜಾಗ

ಹೋದ ತಿಂಗಳು ನಮ್ಮೂರು ಏಪೆಕ್ಸ್‌ನ ಇಂಡಿಯನ್ ಸ್ಟೋರ್‌ನಲ್ಲಿ ತೊಗರಿಬೇಳೆ ಆರಿಸುತ್ತಿದ್ದಾಗ ಪಕ್ಕದ ಸಾಲಿನಲ್ಲಿ ಯಾರೋ ನೀಲಗಿರಿ ಎಣ್ಣೆಯ ಸೀಸೆ ಕೆಡವಿದರು. ಗಾಜು ಒಡೆದ ಸದ್ದಿಗಿಂತ ಮೊದಲೇ ವಾಸನೆ ಬಂತು ಅನ್ನಿಸಿತು ನನಗೆ. ಹಾಗೆ ಆಗಲು ಸಾಧ್ಯವಿಲ್ಲ, ಆದರೂ ಹಾಗೇ ಅನ್ನಿಸಿತು. ಅಂಗಡಿಯವರು ನೆಲ ಒರೆಸಲು ಓಡಿ ಬಂದರು. ನಾನು ಬೇಳೆಯ ಪೊಟ್ಟಣ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಇಪ್ಪತ್ತೈದು ವರ್ಷಕ್ಕೂ ಹಿಂದೆ, ವರ್ಜೀನಿಯಾದ ಹರ್ನ್‌ಡನ್‌ನಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯ ಅಂಕಲ್ ನನ್ನ ಕಾರು ಹತ್ತಿದಾಗಲೆಲ್ಲ ಇದೇ ವಾಸನೆ ಬರುತ್ತಿತ್ತು. ನೀಲಗಿರಿ ಎಣ್ಣೆ ಎಂದರೆ ಶೀತಕ್ಕೆ ಹಚ್ಚುವುದು ಎಂದಷ್ಟೇ ಆಗ ನನಗೆ ಗೊತ್ತಿದ್ದದ್ದು. ಪಾಪ, ಇಲ್ಲಿನ ಹವೆ ಇವರಿಗೆ ಒಗ್ಗುತ್ತಿಲ್ಲ ಎಂದುಕೊಂಡಿದ್ದೆ. ಅದೂ ಜುಲೈ ತಿಂಗಳಲ್ಲಿ! ನನ್ನ ತಿಳಿವಳಿಕೆ ಆ ಮಟ್ಟದ್ದು.

ನಾನು ಮೈಸೂರಿನಿಂದ ಅಲ್ಲಿಗೆ ಹೋದದ್ದು ತೊಂಬತ್ತೇಳರ ಮಾರ್ಚಿನಲ್ಲಿ. ವಿಮಾನ ನಿಲ್ದಾಣದ ಹತ್ತಿರದ ಆಫೀಸೊಂದರಲ್ಲಿ ಹಳೆಯ ಪ್ರೋಗ್ರಾಮುಗಳನ್ನು ತಿದ್ದುವ ಗುತ್ತಿಗೆ ಕೆಲಸ. ವಾರವಿಡೀ ಕೂತು ಕೂತು ಕಣ್ಣು ಮಂಜಾಗುತ್ತಿತ್ತು. ಶನಿವಾರ ಬಂದರೆ ಬಟ್ಟೆ ಒಗೆಯುವುದು, ಮನೆಗೆ ಫೋನ್ ಮಾಡುವುದು, ಇಷ್ಟೇ. ಕೆಳಗಿನ ಮನೆಯಲ್ಲಿ ಬೆಂಗಳೂರಿನ ಒಬ್ಬಾಕೆ, ಆಕೆಯ ಗಂಡ, ಆಕೆಯ ಅಪ್ಪ ಇದ್ದರು. ಆ ಅಪ್ಪನೇ ಅಂಕಲ್. ಹೆಂಡತಿ ತೀರಿಕೊಂಡ ಮೇಲೆ ಮಗಳು ಹಟ ಹಿಡಿದು ಕರೆಸಿಕೊಂಡಿದ್ದಳು. ಸಣಕಲು ದೇಹ, ಕಪ್ಪು ಫ್ರೇಮಿನ ಕನ್ನಡಕ, ಬೇಸಿಗೆಯಲ್ಲೂ ಪೂರ್ತಿ ತೋಳಿನ ಅಂಗಿ. ‘ನಮ್ಮಪ್ಪ ಟ್ರಾನ್ಸ್‌ಪೋರ್ಟ್ ಡಿಪಾರ್ಟ್‌ಮೆಂಟಲ್ಲಿ ಇದ್ರು’ ಎಂದು ಮಗಳು ಎಲ್ಲರಿಗೂ ಪರಿಚಯ ಮಾಡಿಕೊಡುತ್ತಿದ್ದಳು. ಅಂಕಲ್ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದರು.

ನಿಂತು ಎಂದೆನಲ್ಲ, ಇಡೀ ಕಥೆ ಇರುವುದು ಅಲ್ಲೇ. ಅಂಕಲ್ ಯಾವಾಗಲೂ ನಿಂತೇ ಇರುತ್ತಿದ್ದರು. ಸೊಂಟದ ಡಿಸ್ಕ್ ಜರುಗಿ ಕಾಲು ಗಂಟೆಗಿಂತ ಹೆಚ್ಚು ಹೊತ್ತು ಕೂರಲು ಆಗುತ್ತಿರಲಿಲ್ಲ ಅವರಿಗೆ. ಕೂತರೆ ಸೊಂಟದಿಂದ ಹಿಮ್ಮಡಿಯವರೆಗೆ ಬೆಂಕಿ ಹಿಡಿದಂತೆ ಉರಿಯುತ್ತಿತ್ತಂತೆ. ನಿಂತರೆ, ನಡೆದರೆ ಏನೂ ಇಲ್ಲ. ಇದೆಲ್ಲ ನನಗೆ ಗೊತ್ತಾದದ್ದು ತಡವಾಗಿ. ಅವರಾಗಿ ಯಾರಿಗೂ ಹೇಳುವವರಲ್ಲ. ಮಗಳ ಮನೆಯಲ್ಲಿದ್ದುಕೊಂಡು ನೋವು ನೋವು ಎಂದರೆ ಅವಳಿಗೆ ಡಾಕ್ಟರ ಖರ್ಚಿನ ಚಿಂತೆ ಹತ್ತಿಕೊಳ್ಳುತ್ತದೆ ಎಂಬ ಸಂಕೋಚ.

ಆದರೆ ನಮ್ಮವರು ಬಿಡುತ್ತಾರೆಯೇ? ಹಿರಿಯರು ನಿಂತಿದ್ದರೆ ನಾವು ಕೂರುವಂತಿಲ್ಲ. ಹರ್ನ್‌ಡನ್‌ನಲ್ಲಿ ಆಗ ಎಂಟು ಹತ್ತು ಕನ್ನಡದ ಮನೆಗಳಿದ್ದವು. ಯಾರ ಮನೆಯ ಊಟಕ್ಕೆ ಹೋದರೂ ಮೊದಲ ಮಾತು ‘ಬನ್ನಿ ಅಂಕಲ್, ಕೂತ್ಕೊಳ್ಳಿ.’ ಅವರು ‘ಪರವಾಗಿಲ್ಲಪ್ಪ, ನಿಂತೇ ಇರ್ತೀನಿ’ ಎನ್ನುತ್ತಿದ್ದರು. ‘ಅಯ್ಯೋ, ಅದೆಂಗಾಗತ್ತೆ, ಕೂತ್ಕೊಳ್ಳಿ’ ಎಂದು ಸೋಫಾದಲ್ಲಿದ್ದವರೆಲ್ಲ ಎದ್ದು ನಿಲ್ಲುತ್ತಿದ್ದರು. ಕೈಯಲ್ಲಿ ಪೇಪರ್ ತಟ್ಟೆ, ತಟ್ಟೆಯಲ್ಲಿ ಬಿಸಿಬೇಳೆಬಾತ್, ಹದಿನೈದು ಜನ ನಿಂತುಕೊಂಡು ಒಬ್ಬರು ಕೂರುವುದನ್ನು ಕಾಯುವುದು. ಕಡೆಗೆ ನಮ್ಮ ಒತ್ತಾಯಕ್ಕೆ ಅಲ್ಲ, ಎಲ್ಲರ ಕೈಯಲ್ಲಿ ಆರಿ ಹೋಗುತ್ತಿದ್ದ ಊಟ ನೋಡಲಾರದೆ ಅಂಕಲ್ ಕೂರುತ್ತಿದ್ದರು. ಇಪ್ಪತ್ತು ನಿಮಿಷದಲ್ಲಿ ಹಣೆಯ ಮೇಲೆ ಬೆವರು. ‘ಖಾರ ಜಾಸ್ತಿ ಆಯ್ತಾ ಅಂಕಲ್?’ ಎಂದು ನಾನೇ ಒಂದು ಸಲ ನೀರು ತಂದುಕೊಟ್ಟಿದ್ದೆ. ಬರಬರುತ್ತ ಅವರು ಊಟದ ಮನೆಗಳಿಗೆ ಹೋಗುವುದನ್ನೇ ಬಿಟ್ಟರು. ಮುದುಕರು ಯಾರ ಜೊತೆಗೂ ಬೆರೆಯಲ್ಲ ಎಂದು ನಾವೇ ಆಮೇಲೆ ಮಾತಾಡಿಕೊಂಡೆವು.

ಅವರು ಬೆರೆಯುತ್ತಿದ್ದ ಜಾಗ ಬೇರೆ ಇತ್ತು. ಅಪಾರ್ಟ್‌ಮೆಂಟಿನ ಹುಲ್ಲು ಕತ್ತರಿಸಲು ಬರುತ್ತಿದ್ದ ಎಲ್ ಸಾಲ್ವಡೋರ್‌ನ ಒಬ್ಬಾತನಿಗೂ ಅಂಕಲ್‌ಗೂ ಗೆಳೆತನವಾಗಿತ್ತು. ಅವನಿಗೆ ಕನ್ನಡ ಬಾರದು, ಇವರಿಗೆ ಸ್ಪ್ಯಾನಿಶ್ ಬಾರದು, ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಇಬ್ಬರಿಗೂ ಬರುತ್ತಿದ್ದದ್ದು ಫುಟ್‌ಬಾಲ್. ಅಂಕಲ್ ಬೆಂಗಳೂರಿನ ದಂಡು ಪ್ರದೇಶದಲ್ಲಿ ಹುಟ್ಟಿ ಬೆಳೆದವರು, ಅಲ್ಲಿನ ಗಲ್ಲಿಗಳಲ್ಲಿ ಕ್ರಿಕೆಟ್ಟಿಗಿಂತ ಮೊದಲು ಫುಟ್‌ಬಾಲ್ ಕಲಿಯುತ್ತಿದ್ದರಂತೆ. ಹುಲ್ಲಿನ ಗೆಳೆಯ ಅವರನ್ನು ತನ್ನ ಟ್ರಕ್ಕಿನಲ್ಲಿ ನದಿಯಾಚೆ ಮೇರಿಲ್ಯಾಂಡಿಗೆ ಕರೆದುಕೊಂಡು ಹೋಗಿ ಒಂದು ಸಣ್ಣ ಕ್ಲಬ್ಬಿನ ಮ್ಯಾಚ್ ತೋರಿಸಿದ. ಆಮೇಲೆ ಅವನು ಬೇರೆ ಊರಿಗೆ ಕೆಲಸಕ್ಕೆ ಹೋದ. ಅಂಕಲ್ ಒಬ್ಬರೇ ಹೋಗತೊಡಗಿದರು.

ಮಗಳು ಒಂದು ದಿನ ಲಾಂಡ್ರಿ ರೂಮಿನಲ್ಲಿ ನನ್ನನ್ನು ಹಿಡಿದಳು. ‘ನಮ್ಮಪ್ಪ ಎರಡು ವಾರಕ್ಕೊಂದ್ಸಲ ಮ್ಯಾಚ್ ನೋಡಕ್ಕೆ ಹೋಗ್ತಾರೆ ಕಣೇ. ನನಗೆ ಸ್ಯಾಟರ್ಡೇ ಕ್ಲಾಸ್ ಇರತ್ತೆ. ನಿನಗೇನೂ ಪ್ಲಾನ್ ಇಲ್ಲಾಂದ್ರೆ ಜೊತೆಗೆ ಹೋಗ್ತೀಯಾ? ಮೆಟ್ರೋ ಸ್ಟೇಷನ್ ತನಕ ಡ್ರೈವ್ ಮಾಡಿದ್ರೂ ಸಾಕು.’ ನೆಂಟರು ಕೇಳಿದರೆ ಅಪ್ಪ ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ಹೋಗುತ್ತಾರೆ ಎಂದು ಹೇಳಿಬಿಡುತ್ತಿದ್ದಳು. ಅದೂ ಆ ಕಡೆಯೇ ಇತ್ತಲ್ಲ. ಹೀಗಾಗಿ ಅಂಕಲ್‌ಗೆ ನಮ್ಮ ವಲಯದಲ್ಲಿ ದೊಡ್ಡ ದೈವಭಕ್ತರೆಂಬ ಹೆಸರು ಬಂದಿತ್ತು.

ನಾನು ಹೊಸದಾಗಿ ಹಳೆಯ ಕಾರು ಕೊಂಡಿದ್ದೆ, ಓಡಿಸುವ ಹುಮ್ಮಸ್ಸು. ಟೋಲ್ ರೋಡಿನಲ್ಲಿ ಸ್ಟೇಷನ್ನಿಗೆ ಇಪ್ಪತ್ತು ನಿಮಿಷ. ಅಂಕಲ್ ಸೀಟನ್ನು ಹಿಂದಕ್ಕೆ ಪೂರ್ತಿ ಬಾಗಿಸಿಕೊಂಡು ಅರ್ಧ ಮಲಗುತ್ತಿದ್ದರು. ಆರಾಮಾಗಿ ನಿದ್ದೆ ಮಾಡುತ್ತಾರೆ ಎಂದುಕೊಳ್ಳುತ್ತಿದ್ದೆ. ರೈಲಿನಲ್ಲಿ ಕಿತ್ತಳೆ ಲೈನಿನ ಒಂದು ತುದಿಯಿಂದ ಇನ್ನೊಂದು ತುದಿಯತನಕ, ಬೋಗಿ ಖಾಲಿಯಿದ್ದರೂ, ಕಂಬ ಹಿಡಿದು ನಿಂತೇ ಬರುತ್ತಿದ್ದರು. ‘ಕೂತ್ಕೊಳ್ಳಿ ಅಂಕಲ್, ಇಷ್ಟೊಂದು ಸೀಟಿದೆ’ ಎಂದು ನಾನು. ‘ಬೇಡಮ್ಮ, ನಂಗೆ ಇದೇ ಅಭ್ಯಾಸ’ ಎಂದು ಅವರು. ನಮ್ಮಲ್ಲಿ ಬೇಡ ಎಂದರೆ ಯಾರು ನಂಬುತ್ತಾರೆ? ಕಾಫಿ ಬೇಡ ಎಂದವರಿಗೂ ಕಾಫಿ ಕೊಟ್ಟೇ ಕಳಿಸುವ ಮನೆಯಲ್ಲಿ ಬೆಳೆದವಳು ನಾನು. ಮೂರು ಸಲ ಬೇಡ ಎನ್ನುವುದು ಮರ್ಯಾದೆ, ನಾಲ್ಕನೆಯ ಸಲ ಒತ್ತಾಯ ಮಾಡುವುದು ನಮ್ಮ ಕರ್ತವ್ಯ ಎಂದೇ ತಿಳಿದಿದ್ದೆ.

ರೈಲು ಇಳಿದ ಮೇಲೆ ಒಂದು ಬಸ್ಸು. ಅದರಲ್ಲೂ ಅವರು ಬಾಗಿಲಿನ ಹತ್ತಿರ ನಿಂತು ಹತ್ತುವವರನ್ನೂ ಇಳಿಯುವವರನ್ನೂ ನೋಡುತ್ತಿದ್ದರು. ಒಂದು ದಿನ ಡ್ರೈವರಿನ ಪಕ್ಕದ ಡಬ್ಬಿಗೆ ಜನ ಚಿಲ್ಲರೆ ಹಾಕುವುದನ್ನು ನೋಡಿ ನಕ್ಕರು.

‘ಇಲ್ಲಿ ಡ್ರೈವರೇ ಕಂಡಕ್ಟರೂ ನೋಡಮ್ಮ. ಪಾಪ, ಎರಡು ಕೆಲಸ ಅವನಿಗೆ. ನಾನು ಇಪ್ಪತ್ತೊಂಬತ್ತು ವರ್ಷ ಒಂದೇ ಮಾಡಿದ್ದು.’

‘ನೀವು ಡ್ರೈವರ್ ಆಗಿದ್ರಾ ಅಂಕಲ್?’

‘ಇಲ್ಲಮ್ಮ, ಕಂಡಕ್ಟ್ರು. ಸಿಟಿ ಬಸ್ಸು. ನಾನು ಹೇಳ್ದೆ ಅಂತ ಮಗಳಿಗೆ ಹೇಳ್ಬೇಡ. ಅವಳು ಟ್ರಾನ್ಸ್‌ಪೋರ್ಟ್ ಡಿಪಾರ್ಟ್‌ಮೆಂಟ್ ಅಂತಾಳೆ. ಅದೂ ಸುಳ್ಳೇನಲ್ಲ ಬಿಡು.’

ಆಮೇಲೆ ನಾವಿಬ್ಬರೇ ಇದ್ದಾಗ ಅವರ ಬಾಯಿಂದ ಬಸ್ಸಿನ ಕಥೆಗಳೇ ಬರುತ್ತಿದ್ದವು. ಮಾರ್ಕೆಟ್ಟಿನ ಹತ್ತಿರ ಬೆಳಗಿನ ಟ್ರಿಪ್ಪಿನಲ್ಲಿ ಹೂವಿನ ಕುಕ್ಕೆಗಳ ನಡುವೆ ಜನರನ್ನು ಹೇಗೆ ನಿಲ್ಲಿಸುತ್ತಿದ್ದರು, ಫುಟ್‌ಬೋರ್ಡಿನಲ್ಲಿ ನೇತಾಡುವವರನ್ನು ಹೇಗೆ ಒಳಗೆ ಎಳೆದುಕೊಳ್ಳುತ್ತಿದ್ದರು, ಟಿಕೆಟ್ ತೆಗೆದುಕೊಳ್ಳದವನನ್ನು ಮುಖ ನೋಡಿಯೇ ಹೇಗೆ ಹಿಡಿಯುತ್ತಿದ್ದರು… ಹೇಳುವಾಗ ಅವರ ಬೆನ್ನು ಇನ್ನೂ ನೆಟ್ಟಗಾಗುತ್ತಿತ್ತು.

ಆ ಕ್ಲಬ್ಬಿನ ಮೈದಾನ ದೊಡ್ಡದೇನಲ್ಲ. ಎರಡು ಕಡೆ ಅಲ್ಯುಮಿನಿಯಂ ಬೆಂಚುಗಳು. ಒಂದು ಗೋಲಿನ ಹಿಂದೆ ಮಾತ್ರ ಬೆಂಚಿಲ್ಲದ ಹತ್ತು ಹನ್ನೆರಡು ಅಗಲವಾದ ಸಿಮೆಂಟಿನ ಮೆಟ್ಟಿಲು. ಅಲ್ಲಿ ಎಲ್ಲರೂ ನಿಂತೇ ನೋಡುವುದು. ಸಾಲ್ವಡೋರ್‌ನವರು, ಬೊಲಿವಿಯಾದವರು, ಒಂದಿಬ್ಬರು ಆಫ್ರಿಕಾದವರು, ಡೋಲು, ಬಾವುಟ, ಹುರಿದ ಬಾಳೆಕಾಯಿಯ ವಾಸನೆ. ಅಂಕಲ್ ಐದನೆಯ ಮೆಟ್ಟಿಲಿನ ಮಧ್ಯಕ್ಕೆ ಹೋಗಿ ನಿಂತರೆಂದರೆ ಸುತ್ತ ಇರುವವರು ಬೆನ್ನು ತಟ್ಟಿ, ಅಪ್ಪನನ್ನು ಕರೆಯುವ ಹಾಗೆ, ‘ಪಾಪಾ’ ಎನ್ನುತ್ತಿದ್ದರು. ಅವರನ್ನು ಕೂರಿ ಎನ್ನುವವರು ಒಬ್ಬರೂ ಇರಲಿಲ್ಲ. ಕೂರಲು ಅಲ್ಲಿ ಏನೂ ಇರಲಿಲ್ಲ. ಇಡೀ ಅಮೆರಿಕದಲ್ಲಿ ಅವರು ಎರಡು ಗಂಟೆ ಹೊತ್ತು ಎಲ್ಲರ ಹಾಗೆ ಇರಬಹುದಾದ ಜಾಗ ಅದೊಂದೇ ಎಂದು ಪಕ್ಕದಲ್ಲೇ ಇದ್ದ ನನಗೆ ಹೊಳೆಯಲಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಬಿಸಿಲು, ನೂಕುನುಗ್ಗಲು, ಅರವತ್ತೈದು ವರ್ಷದವರ ಬಡಕಲು ಕಾಲು.

ಆ ಜಾಗದಲ್ಲಿ ಅಪಾಯ ಇರಲಿಲ್ಲವೆಂದಲ್ಲ. ಹಿಡಿದುಕೊಳ್ಳಲು ಎಲ್ಲಕ್ಕಿಂತ ಕೆಳಗೆ ಒಂದೇ ಒಂದು ಕಂಬಿ. ಗೋಲಾದರೆ ಮೇಲಿದ್ದವರೆಲ್ಲ ಕೆಳಕ್ಕೆ ನುಗ್ಗುತ್ತಿದ್ದರು. ಆಗಸ್ಟಿನ ಒಂದು ಮ್ಯಾಚಿನಲ್ಲಿ ಹಾಗೇ ಆಗಿ ಜನ ಒಬ್ಬರ ಮೇಲೊಬ್ಬರು ಜಾರಿದರು. ಅಂಕಲ್ ಕಾಲು ಅಗಲಿಸಿ, ಎರಡೂ ಕೈ ಚಾಚಿ, ಬಸ್ಸಿನಲ್ಲಿ ಕೂಗುತ್ತಿದ್ದ ಹಾಗೆಯೇ ‘ಹೋಲ್ಡಾನ್! ಹೋಲ್ಡಾನ್!’ ಎಂದು ಗಂಟಲು ಹರಿಯುವಂತೆ ಕೂಗಿದರು. ಅವರ ಹಿಂದಿದ್ದವರು ನಿಂತರು. ಮುಂದಿದ್ದವರಲ್ಲಿ ಒಬ್ಬನ ಮಣಿಕಟ್ಟು ಮುರಿಯಿತು. ಅಂಕಲ್‌ಗೆ ಏನಾದರೂ ಆಗಿದ್ದರೆ ಅವರ ಮಗಳಿಗೆ ಏನು ಹೇಳಲಿ ಎಂಬುದೇ ಆ ದಿನವೆಲ್ಲ ನನ್ನ ತಲೆಯಲ್ಲಿ.

ಮುಂದಿನ ಮ್ಯಾಚಿಗೆ ಹೋದಾಗ ಗೇಟಿನಲ್ಲಿ ಒಂದೊಂದು ಕಾರ್ಡ್ ಕೊಟ್ಟರು. ಗೋಲಿನ ಹಿಂದಿನ ಮೆಟ್ಟಿಲುಗಳ ಮೇಲೆ ಬೆಂಚು ಹಾಕಿಸಬೇಕೆಂದು ವಿಮೆಯವರು ಹೇಳುತ್ತಿದ್ದಾರೆ, ನಿಮ್ಮ ಅಭಿಪ್ರಾಯ ಬರೆಯಿರಿ ಎಂದಿತ್ತು. ಅಂಕಲ್ ತಮ್ಮ ಕಾರ್ಡನ್ನು ಮಡಿಸಿ ಜೇಬಿಗಿಟ್ಟುಕೊಂಡರು, ಇಂಗ್ಲಿಷ್ ಓದುವ ತಾಳ್ಮೆ ಇರಲಿಲ್ಲ. ನಾನು ಹೊರಡುವ ಮುಂಚೆ, ಅವರು ಬಾತ್‌ರೂಮಿಗೆ ಹೋಗಿದ್ದಾಗ, ನನ್ನ ಕಾರ್ಡಿನ ತುಂಬ ಬರೆದೆ. ‘ಆ ಮೆಟ್ಟಿಲುಗಳ ಮೇಲೆ ಪ್ರತಿ ಮ್ಯಾಚಿಗೂ ಒಬ್ಬ ವಯಸ್ಸಾದವರು ನಿಂತಿರುತ್ತಾರೆ. ಎರಡು ಗಂಟೆ ಅವರಿಗೆ ಕೂರಲು ಜಾಗವಿಲ್ಲ. ಸಂಕೋಚದ ಮನುಷ್ಯ, ಬಾಯಿಬಿಟ್ಟು ಕೇಳುವುದಿಲ್ಲ. ಹಿರಿಯರನ್ನು ಹಾಗೆ ನಿಲ್ಲಿಸುವುದು ನಮಗೆಲ್ಲರಿಗೂ ನಾಚಿಕೆಗೇಡು. ದಯವಿಟ್ಟು ಬೆಂಚು ಹಾಕಿಸಿ.’ ಹೆಸರು ಬರೆಯಲಿಲ್ಲ. ಪೆಟ್ಟಿಗೆಗೆ ಹಾಕಿ, ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಅಂಕಲ್‌ಗಾಗಿ ನೀರಿನ ಬಾಟಲಿ ತರಲು ಹೋದೆ.

ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಹತ್ತಿರದ ಶಾಲೆಯ ಊಟದ ಹಾಲಿನಲ್ಲಿ ಕ್ಲಬ್ಬಿನವರು ಸಭೆ ಕರೆದರು. ಬೆಂಚು ಬರುವ ಸುದ್ದಿ ಆಗಲೇ ಮೆಟ್ಟಿಲಿನ ಗೆಳೆಯರಿಂದ ಅಂಕಲ್‌ಗೆ ಗೊತ್ತಾಗಿತ್ತು. ‘ನೀನು ಬಾಮ್ಮ, ಅವರೇನ್ ಹೇಳ್ತಾರೆ ಅಂತ ಕನ್ನಡದಲ್ಲಿ ಹೇಳು, ನಾನೇನ್ ಹೇಳ್ತೀನಿ ಅಂತ ಇಂಗ್ಲಿಷಲ್ಲಿ ಹೇಳು’ ಎಂದರು. ಅವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಕಾರಿನಲ್ಲಿ ಸೀಟನ್ನು ಬಾಗಿಸಿಕೊಳ್ಳುವುದನ್ನೂ ಮರೆತಿದ್ದರು.

ನಲವತ್ತು ಜನ ಸೇರಿದ್ದರು. ಮೊದಲು ಇಂಗ್ಲೆಂಡಿನವರೊಬ್ಬರು ಎದ್ದರು. ಅಂಕಲ್ ವಯಸ್ಸಿನವರೇ. ತಗ್ಗಿದ ದನಿಯಲ್ಲಿ ಹೇಳಿದರು: ತಮ್ಮ ದೇಶದಲ್ಲಿ, ಇಂಥದ್ದೇ ನಿಲ್ಲುವ ಜಾಗದಲ್ಲಿ, ತಾವು ಹರೆಯದಲ್ಲಿದ್ದಾಗ, ಪಕ್ಕದವನು ನಿಂತಲ್ಲೇ ಪ್ರಾಣ ಬಿಟ್ಟ. ಬೀಳಲೂ ಜಾಗವಿರಲಿಲ್ಲ, ಅಷ್ಟು ಜನ. ಸತ್ತಿದ್ದಾನೆ ಎಂದು ಗೊತ್ತಾದದ್ದು ಗುಂಪು ಸಡಿಲಾದ ಮೇಲೆ. ‘ಬೆಂಚು ಹಾಕಿ, ನಾನು ಬೇರೇನೂ ಕೇಳುವುದಿಲ್ಲ’ ಎಂದು ಕೂತರು. ನಾನು ಅಂಕಲ್‌ಗೆ ಅದನ್ನು ಹೇಳಿದಾಗ ಅವರು ಕಣ್ಣುಮುಚ್ಚಿಕೊಂಡರು.

ಮೆಟ್ಟಿಲಿನವರು ಕೂಗಾಡಿದರು. ಕೂತು ನೋಡುವುದಕ್ಕೆ ಮನೆಯಲ್ಲಿ ಟಿವಿ ಇಲ್ಲವೇ ಎಂದರು. ಆಗ ಕ್ಲಬ್ಬಿನ ಮ್ಯಾನೇಜರ್, ಪಾಪ ದಣಿದ ಮುಖದ ದೊಡ್ಡ ಮೈಯ ಮನುಷ್ಯ, ಕಾಗದಗಳ ಕಟ್ಟಿನಿಂದ ಒಂದು ಕಾರ್ಡ್ ತೆಗೆದು, ನೂರಾರು ಕಾರ್ಡುಗಳಲ್ಲಿ ತಮ್ಮ ಮನಸ್ಸಿಗೆ ತಟ್ಟಿದ್ದು ಇದೊಂದು ಎಂದು ಜೋರಾಗಿ ಓದಿದರು. ಆ ಮೆಟ್ಟಿಲುಗಳ ಮೇಲೆ ಪ್ರತಿ ಮ್ಯಾಚಿಗೂ ಒಬ್ಬ ವಯಸ್ಸಾದವರು…

ಕೂಗಾಡುತ್ತಿದ್ದವರೂ ತಲೆತಗ್ಗಿಸಿದರು. ಮುದುಕರ ಮಾತು ಬಂದ ಮೇಲೆ ಯಾರು ತಾನೆ ಎದುರಾಡುತ್ತಾರೆ?

‘ಏನಂತಮ್ಮ?’ ಎಂದರು ಅಂಕಲ್.

ಹೇಳದೆ ಬಿಡಬಹುದಿತ್ತು, ಬೇರೇನೋ ಹೇಳಬಹುದಿತ್ತು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬರೆದದ್ದನ್ನು ನಾನೇ, ಯಾರೋ ಬರೆದದ್ದೆಂಬಂತೆ, ಸಾಲುಸಾಲಾಗಿ ಕನ್ನಡದಲ್ಲಿ ಅವರಿಗೆ ಹೇಳಿದೆ. ಸಂಕೋಚದ ಮನುಷ್ಯ ಎಂಬಲ್ಲಿಗೆ ಬಂದಾಗ ನನ್ನ ದನಿ ಇಳಿದುಹೋಯಿತು.

ಅಂಕಲ್ ಮೆಲ್ಲಗೆ ‘ಯಾರೋ ಪುಣ್ಯಾತ್ಮರು… ಅಯ್ಯೋ ಅಂದಿದಾರೆ’ ಎಂದರು. ಅಷ್ಟು ಜನರ ನಡುವೆ, ಗೋಡೆಗೆ ಒರಗಿ ನಿಂತಿದ್ದ ಅವರು ಮುಂದಕ್ಕೆ ನಡೆದರು. ನಾನೂ ಹಿಂದೆ ಹೋದೆ. ಮ್ಯಾನೇಜರ್ ತಟ್ಟನೆ ಒಂದು ಕುರ್ಚಿ ಎಳೆದು ಕೊಟ್ಟರು. ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಅಂಕಲ್ ಮಾತಾಡಿದರು.

‘ಆ ಮುದುಕ ನಾನೇ. ಬರೆದವರು ಒಳ್ಳೆ ಮನಸ್ಸಿಂದ ಬರೆದಿದಾರೆ. ಆದ್ರೆ ನಂಗೆ ಕೂರಕ್ಕಾಗಲ್ಲ. ಸೊಂಟ ಹೋಗಿದೆ. ಮದುವೆಮನೇಲಿ ಕೂರಕ್ಕಾಗಲ್ಲ, ಮಗಳ ಮನೇಲಿ ಕೂತು ಊಟ ಮಾಡಕ್ಕಾಗಲ್ಲ. ನೀವು ಬೆಂಚು ಹಾಕಿದ್ರೆ ಎಲ್ರೂ ಕೂರ್ತಾರೆ. ಹಿಂದಿನವರಿಗೆ ನಾನು ಅಡ್ಡ ಆಗ್ತೀನಿ. ಒಬ್ಬನೇ ನಿಂತ್ಕೊಳ್ಳೋ ಹಾಗಿಲ್ಲ. ಆಗ ನಾನು ಬರೋದನ್ನ ಬಿಡ್ಬೇಕು, ಅಷ್ಟೆ.’

ಇದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದವಳು ನಾನು. ಜುಲೈ ತಿಂಗಳಲ್ಲೂ ಸೊಂಟಕ್ಕೆ ಹಚ್ಚುತ್ತಿದ್ದ ನೀಲಗಿರಿ ಎಣ್ಣೆ, ಬಾಗಿದ ಸೀಟು, ಹಣೆಯ ಬೆವರು, ಎಲ್ಲ ಒಟ್ಟಿಗೆ ಅರ್ಥವಾಗಿ ನನಗೆ ಅಳು ಬಂತು. ಅತ್ತುಕೊಂಡೇ ಹೇಳಿದೆ. ಕೇಳಿದವರು ನನ್ನನ್ನು ಅವರ ಮಗಳೆಂದು ತಿಳಿದರು.

ಅಂಕಲ್ ಅಲ್ಲಿಗೆ ನಿಲ್ಲಿಸಲಿಲ್ಲ. ಇಂಗ್ಲೆಂಡಿನವರ ಕಡೆ ತಿರುಗಿ ಕೈ ಮುಗಿದರು. ‘ಇವರು ಹೇಳಿದ್ದು ನಿಜ. ನಾನು ಇಪ್ಪತ್ತೊಂಬತ್ತು ವರ್ಷ ಬಸ್ ಕಂಡಕ್ಟರ್. ಜನ ನಿಂತ್ಕೊಂಡಿದ್ದಕ್ಕೆ ಸಾಯಲ್ಲ. ಹಿಡ್ಕೊಳ್ಳೋಕೆ ಏನೂ ಇಲ್ಲದೆ ಸಾಯ್ತಾರೆ. ಎಷ್ಟು ಜನ ಹತ್ತಿದ್ರು ಅಂತ ಬಾಗಿಲಲ್ಲಿ ಯಾರೂ ನೋಡದೆ ಸಾಯ್ತಾರೆ.’ ಕಂಡಕ್ಟರ್ ಎಂಬ ಮಾತನ್ನು ನಾನು ಅನುವಾದಿಸಬೇಕಾಗಿರಲಿಲ್ಲ, ಆದರೂ ಜೋರಾಗಿ ಇನ್ನೊಮ್ಮೆ ಹೇಳಿದೆ.

ಆಮೇಲೆ ಮಾಡಿ ತೋರಿಸಿದರು. ಊಟದ ಹಾಲಿನಲ್ಲಿ ಮಕ್ಕಳು ತಟ್ಟೆ ಜರುಗಿಸಿಕೊಂಡು ಹೋಗಲು ಸೊಂಟದ ಎತ್ತರಕ್ಕೆ ಒಂದು ಉದ್ದನೆಯ ಕಂಬಿ ಇತ್ತು. ಆರು ಜನರನ್ನು ಕರೆದು ಮೊದಲು ಖಾಲಿ ಜಾಗದಲ್ಲಿ ಒಬ್ಬರ ಹಿಂದೊಬ್ಬರಂತೆ ನಿಲ್ಲಿಸಿ, ಹಿಂದಿನಿಂದ ಮೆಲ್ಲಗೆ ತಳ್ಳುವಂತೆ ಮ್ಯಾನೇಜರಿಗೆ ಹೇಳಿದರು. ಮುಂದಿನವನು ಎರಡು ಹೆಜ್ಜೆ ಮುಗ್ಗರಿಸಿದ. ಅದೇ ಆರು ಜನರನ್ನು ಕಂಬಿಯ ಹಿಂದೆ ಅಕ್ಕಪಕ್ಕ ನಿಲ್ಲಿಸಿದರು. ಈಗ ತಳ್ಳಿ ಎಂದರು. ಮ್ಯಾನೇಜರ್ ತಳ್ಳಿದರು, ಆಮೇಲೆ ಮೈಯೆಲ್ಲ ಹಾಕಿ ತಳ್ಳಿದರು. ಒಬ್ಬರೂ ಅಲುಗಲಿಲ್ಲ. ‘ಒಂದೊಂದು ಮೆಟ್ಟಿಲಿಗೂ ಒಂದು ಕಂಬಿ. ಒಂದು ಕಂಬಿಗೆ ಇಷ್ಟೇ ಜನ. ಬಾಗಿಲಲ್ಲಿ ಎಣಿಸೋನೊಬ್ಬ. ತುಂಬಿದ ಮೇಲೆ ರೈಟ್, ಆಮೇಲೆ ಯಾರೂ ಹತ್ತೋ ಹಾಗಿಲ್ಲ.’

ಇಂಗ್ಲೆಂಡಿನವರು ಎದ್ದು ಬಂದು ಆ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಹಳ ಹೊತ್ತು ಹಿಡಿದುಕೊಂಡೇ ಇದ್ದರು. ‘ನನ್ನ ಹೆದರಿಕೆ ಹೋಗಿಲ್ಲ’ ಎಂದರು ಕಡೆಗೆ, ‘ಆದರೆ ಇದನ್ನು ಒಂದು ವರ್ಷ ನೋಡಬಹುದು.’

ಅಲ್ಲಿಗೆ ಎಲ್ಲ ಸುಸೂತ್ರವಾಯಿತು ಎಂದಲ್ಲ. ವಿಮೆಯವರೊಂದಿಗೆ ಚಳಿಗಾಲವಿಡೀ ಜಗ್ಗಾಟ ನಡೆಯಿತಂತೆ. ಕಡೆಗೆ ಅರ್ಧ ಮೆಟ್ಟಿಲಿಗೆ ಬೆಂಚು, ಅರ್ಧಕ್ಕೆ ಕಂಬಿ, ಒಂದು ವರ್ಷದ ಮಟ್ಟಿಗೆ ಎಂದಾಯಿತು. ತೊಂಬತ್ತೆಂಟರ ವಸಂತದಲ್ಲಿ ನಾವು ಹೋದಾಗ ಕಂಬಿಗಳಿಗೆ ಇನ್ನೂ ಬಣ್ಣದ ಹಸಿ ವಾಸನೆ. ಮ್ಯಾನೇಜರ್ ಅಂಕಲ್‌ಗೆ ಒಂದು ಹಳದಿ ಅಂಗಿ ಕೊಟ್ಟು ಆ ಭಾಗದ ಬಾಗಿಲಿನಲ್ಲಿ ಎಣಿಸಲು ನಿಲ್ಲಿಸಿದರು. ಒತ್ತಿದರೆ ಲೆಕ್ಕ ತೋರಿಸುವ ಯಂತ್ರ ಕೊಟ್ಟಿದ್ದರು, ಅಂಕಲ್ ಅದನ್ನು ಜೇಬಿನಲ್ಲಿಟ್ಟುಕೊಂಡು ಬಾಯಲ್ಲೇ ಎಣಿಸುತ್ತಿದ್ದರು. ತುಂಬಿತೆಂದರೆ ಕೈಯೆತ್ತಿ ‘ರೈಟ್!’ ಅಲ್ಲಿನ ಹುಡುಗರೆಲ್ಲ ಒಟ್ಟಾಗಿ ‘ರೈಟ್ ರೈಟ್!’ ಎನ್ನುತ್ತಿದ್ದರು. ಮ್ಯಾಚ್ ಶುರುವಾದ ಮೇಲೆ ಐದನೆಯ ಮೆಟ್ಟಿಲು, ತಮ್ಮ ಕಂಬಿ. ಅಷ್ಟು ಸಂತೋಷವಾಗಿ ಅವರನ್ನು ಬೇರೆಲ್ಲೂ ನೋಡಿಲ್ಲ ನಾನು.

ನನಗೆ ಮಾತ್ರ ಒಂದು ಫಜೀತಿ ಅಂಟಿಕೊಂಡಿತು. ಆ ಕಾರ್ಡ್ ಬರೆದವರನ್ನು ಹುಡುಕಬೇಕೆಂದು ಅಂಕಲ್ ಹಟ ಹಿಡಿದರು. ‘ಒಂದು ನಮಸ್ಕಾರ ಹೇಳ್ಬೇಕು ಕಣಮ್ಮ. ಮೀಟಿಂಗಲ್ಲಿ ಅವರಿಗೆ ಬೇಜಾರಾಗಿರತ್ತೆ, ನಾನು ಹಂಗೆ ಅಂದಿದ್ದು.’ ಪ್ರತಿ ಮ್ಯಾಚಿಗೂ ಬೆಂಚಿನ ಕಡೆಯ ಒಬ್ಬೊಬ್ಬರನ್ನು ಗುರುತು ಹಾಕುವುದು. ಕೊಡೆ ಹಿಡಿದ ಬಿಳಿಕೂದಲಿನ ಅಜ್ಜಿಯೇ ಇರಬೇಕೆಂದು ಒಂದು ತಿಂಗಳು ಆಕೆಗೆ ದೂರದಿಂದಲೇ ಕೈ ಮುಗಿದರು. ಆಕೆ ಗಾಬರಿಯಾಗಿ ಜಾಗ ಬದಲಾಯಿಸಿದರು. ನಾನು ನಕ್ಕೆ, ಹೇಳಲಿಲ್ಲ. ಇವತ್ತು ರೈಲಿನಲ್ಲಿ ಹೇಳುತ್ತೇನೆ, ನಾಳೆ ಕಾರಿನಲ್ಲಿ ಹೇಳುತ್ತೇನೆ… ಒಂದು ಸಲ ‘ಅಂಕಲ್, ಆ ಕಾರ್ಡು…’ ಎಂದು ಶುರುಮಾಡಿಯೂ ಇದ್ದೆ. ‘ಬಿಡಮ್ಮ, ಸಿಕ್ಕೇ ಸಿಗ್ತಾರೆ’ ಎಂದು ಅವರು ಆಚೆ ನೋಡಿದರು. ಟಿಕೆಟ್ ಇಲ್ಲದವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದ ಮನುಷ್ಯ ಅವರು. ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು.

ಆ ವರ್ಷದ ಕೊನೆಗೆ ನನ್ನ ಕೆಲಸ ಇಲ್ಲಿಗೆ, ಉತ್ತರ ಕ್ಯಾರೊಲೈನಾಕ್ಕೆ ಬಂತು. ಮರುವರ್ಷ ಬೇಸಿಗೆಯಲ್ಲಿ ಅವರ ಮಗಳು ಫೋನ್ ಮಾಡಿ ಅಪ್ಪನಿಗೆ ಹುಷಾರಿಲ್ಲ, ಶ್ವಾಸಕೋಶ ಕೆಟ್ಟಿದೆ ಎಂದಳು. ಫೋನನ್ನು ಅವರ ಕೈಗೆ ಕೊಟ್ಟಳು. ‘ಹೇಳಮ್ಮ’ ಎಂದರು. ಇದೇ ಸಮಯ, ಹೇಳಿಬಿಡೋಣ ಎಂದುಕೊಂಡೆ. ‘ಟೀಮ್ ಹೇಗಾಡ್ತಿದೆ ಅಂಕಲ್?’ ಎಂದು ಕೇಳಿದೆ. ಅವರು ದಮ್ಮು ಕಟ್ಟುತ್ತ, ನಿಲ್ಲಿಸಿ ನಿಲ್ಲಿಸಿ, ಗೋಲ್‌ಕೀಪರನ್ನು ಬೈದರು. ಎರಡು ವಾರದ ಮೇಲೆ ಹೋಗಿಬಿಟ್ಟರು.

ನಾನು ಹೋದಾಗ ಎಲ್ಲ ಮುಗಿದಿತ್ತು. ಮಗಳು ಅಡುಗೆಮನೆಯಲ್ಲಿ ನಿಂತು ಆಸ್ಪತ್ರೆಯ ಕಡೆಯ ದಿನಗಳನ್ನು ಹೇಳಿದಳು. ಬೆಳಗಿನ ಹೊತ್ತು ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸುವುದು ಅಲ್ಲಿನ ಪದ್ಧತಿಯಂತೆ. ಇವಳು, ಅಳಿಯ, ನೋಡಲು ಹೋದ ನಮ್ಮವರು ಎಲ್ಲರೂ ಸೇರಿ ‘ಸ್ವಲ್ಪ ಕೂತ್ಕೊಳ್ಳಿ, ಒಳ್ಳೇದು’ ಎಂದು ಒತ್ತಾಯ ಮಾಡುತ್ತಿದ್ದರಂತೆ. ಒಂದು ದಿನ ಹೊಸ ನರ್ಸ್ ಒಬ್ಬಳು ಬಂದಳು. ನಿಮಗೆ ಏನು ಬೇಕು ಎಂದು ಅವರನ್ನೇ ಕೇಳಿದಳು. ‘ಸ್ಟ್ಯಾಂಡ್’ ಎಂದರಂತೆ ಅಂಕಲ್. ಅವಳು ಎರಡೂ ತೋಳು ಹಿಡಿದು ಎತ್ತಿ, ಕಿಟಕಿಯ ಹತ್ತಿರ, ತನ್ನ ಮೈಗೆ ಒರಗಿಸಿಕೊಂಡು ಎರಡು ನಿಮಿಷ ನಿಲ್ಲಿಸಿಕೊಂಡಳು. ಕೆಳಗೆ ಕಾರು ನಿಲ್ಲಿಸುವ ಜಾಗ ಬಿಟ್ಟರೆ ನೋಡಲು ಏನೂ ಇರಲಿಲ್ಲವಂತೆ. ‘ಅಪ್ಪ ನಗ್ತಿದ್ರು ಕಣೇ’ ಎಂದಳು ಮಗಳು.

ಆ ಕ್ಲಬ್ಬು ಈಗಿಲ್ಲ. ಗೋಲಿನ ಹಿಂದೆ ಸಾಲಿಗೊಂದು ಕಂಬಿ ಹಾಕುವ ಮಾತು ಈಗ ದೊಡ್ಡ ದೊಡ್ಡ ಸ್ಟೇಡಿಯಮ್ಮುಗಳಲ್ಲಿ ನಡೆಯುತ್ತದೆ, ಪತ್ರಿಕೆಗಳಲ್ಲಿ ಪರ ವಿರೋಧ ಬರೆಯುತ್ತಾರೆ. ಓದುವಾಗ ಅಂಕಲ್‌ಗೆ ತೋರಿಸಬೇಕಿತ್ತು ಅನ್ನಿಸುತ್ತದೆ. ನನ್ನ ಮನೆಗೆ ಯಾರೇ ಹಿರಿಯರು ಬಂದರೂ ಬಾಗಿಲಲ್ಲೇ ಕೇಳುತ್ತೇನೆ, ‘ಕೂತ್ಕೊಳ್ತೀರೋ, ನಿಂತೇ ಇರ್ತೀರೋ? ನಿಮಗೆ ಹೇಗೆ ಆರಾಮ?’ ಬಂದವರು ತಬ್ಬಿಬ್ಬಾಗುತ್ತಾರೆ. ‘ಅಮ್ಮಾ, ಇಟ್ಸ್ ಸೋ ವಿಯರ್ಡ್’ ಎನ್ನುತ್ತಾಳೆ ನನ್ನ ಮಗಳು. ಇರಲಿ. ಆ ತೊಂಬತ್ತೇಳರ ಬೇಸಿಗೆಯಿಡೀ ಅಂಕಲ್ ಪಕ್ಕದಲ್ಲಿ ನಿಂತಿದ್ದೆ. ಅವರನ್ನು ಒಂದು ಸಲ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಕಾರ್ಡ್ ಬರೆದೆ.